ಬೇಲಿಯ ಮೇಲೆ ಬಿಳಿ ದುಪ್ಪಟಿ

ಅಕ್ಟೋಬರ್ 3, 1934. ಬುಧವಾರ

ಪ್ಯಾಕಿ ಬಾಯ್ಲನ್ ಹಾಳಾಗಿ ಹೋಗಲಿ. ಅವನ ಹೊಲದಲ್ಲಿ ಮುಳ್ಳು ಬೆಳೆಯಲಿ, ಅವನ ಚಹಾದಲ್ಲಿ ನೊಣ ಬೀಳಲಿ. ಇಷ್ಟು ಬರೆದ ಮೇಲೆ ಸ್ವಲ್ಪ ಉಸಿರಾಡುವ ಹಾಗಾಯಿತು. ಈಗ ಮೊದಲಿನಿಂದ ಬರೆಯುತ್ತೇನೆ.

ಇವತ್ತು ಹೊಳೆಯಾಚೆ ಸಂತೆ. ಎಂದಿನಂತೆ ವೈಲಿ ಅಮ್ಮನ ಅಂಗಡಿಗೆ ಮೊಟ್ಟೆ ಒಯ್ಯುತ್ತಿದ್ದೆ. ಐರ್ಲೆಂಡನ್ನು ಎರಡು ತುಂಡು ಮಾಡಿ ನಮ್ಮ ಹೊಳೆಯನ್ನೇ ಗಡಿ ಮಾಡಿದಾಗಲೂ ನನ್ನ ಮೊಟ್ಟೆ ತಲೆಯೆತ್ತಿ ಬುಟ್ಟಿಯಲ್ಲೇ ಸೇತುವೆ ದಾಟುತ್ತಿತ್ತು. ಎರಡು ವರ್ಷದ ಹಿಂದೆ ಡಬ್ಲಿನ್ನಿನ ದೊಡ್ಡವರಿಗೂ ಲಂಡನ್ನಿನ ದೊಡ್ಡವರಿಗೂ ಜಗಳವಾಯಿತು. ಲಂಡನ್ನಿನವರು ನಮ್ಮ ದನಕ್ಕೆ, ಮೊಟ್ಟೆಗೆ ಸುಂಕ ಹಾಕಿದರು, ನಮ್ಮ ಡಬ್ಲಿನ್ನಿನವರು ಅವರ ಕಲ್ಲಿದ್ದಲಿಗೆ ಹಾಕಿದರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು. ಆವತ್ತಿನಿಂದ ಮೊಟ್ಟೆ ಬುಟ್ಟಿಯಲ್ಲಿ ಹೋಗುವುದಿಲ್ಲ, ಒಳಲಂಗದ ಜೇಬುಗಳಲ್ಲಿ ಹೋಗುತ್ತದೆ. ಮೂರು ಡಜನ್ ಹಿಡಿಯುತ್ತದೆ ನನ್ನ ಲಂಗ. ದಿನ ತುಂಬಿದ ಬಸುರಿಯ ಹಾಗೆ ನಡೆಯಬೇಕು, ಅಷ್ಟೆ.

ಸೇತುವೆಯ ಮೇಲೆ ನಾವು ಎಂಟು ಹೆಂಗಸರಿದ್ದೆವು. ಎಂಟೂ ಲಂಗಗಳಲ್ಲಿ ಏನಾದರೊಂದು ಇತ್ತು. ಕೆಂಪು ಮೀಸೆಯ ಸುಂಕದ ಅಧಿಕಾರಿ ಏಳು ಜನರನ್ನು ಬಿಟ್ಟು ನೇರ ನನ್ನ ಹತ್ತಿರ ಬಂದ.

“ಮಿಸೆಸ್ ಟ್ರೇನರ್, ಚಳಿ ಜಾಸ್ತಿ. ಒಳಗ್ ಬನ್ನಿ, ಸ್ವಲ್ಪ ಕೂತ್ಕೊಳ್ಳಿ.”

“ನಿಂತೇ ಇರ್ತೀನಿ. ಸೊಂಟ ನೋವು.”

“ಸೊಂಟ ನೋವಿಗೆ ಕೂರೋದೇ ಮದ್ದು.”

ಚೌಕಿಯೊಳಗೆ ಬೆಂಚು ಎಳೆದ. ಚಹಾ ಸುರಿದು ಕೊಟ್ಟ. ನಾನು ನಿಂತೇ ಕುಡಿದೆ. ಅವನಿಗೆ ಯಾವ ಅವಸರವೂ ಇರಲಿಲ್ಲ. ಕೊನೆಗೆ, “ಕೂರಲ್ಲ ಅಂದ್ರೆ ಊರಿಂದ ಹೆಂಗಸೊಬ್ಬಳನ್ನ ಕರೆಸಿ ಬಟ್ಟೆ ಬಿಚ್ಚಿಸಿ ನೋಡ್ಬೇಕಾಗುತ್ತೆ. ಹೇಗೆ ಮಾಡೋಣ?” ಎಂದ.

ಕೂತೆ. ಆ ಸದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಆಮೇಲೆ ಕಾಲ್ಚೀಲದೊಳಗೆ ತಣ್ಣಗೆ ಇಳಿದದ್ದನ್ನೂ.

ಬಾಗಿಲಲ್ಲಿ ಯಾವುದೋ ಕಾಗದಕ್ಕೆ ಮುದ್ರೆ ಹಾಕಿಸಲು ಪ್ಯಾಕಿ ಬಾಯ್ಲನ್ ನಿಂತಿದ್ದ. ನನ್ನ ಪಕ್ಕದ ಹೊಲದವನು. ಅವನು ನಕ್ಕ. ಹೊಟ್ಟೆ ಹಿಡಿದುಕೊಂಡು, ಬಾಗಿಲ ಚೌಕಟ್ಟಿಗೆ ಒರಗಿ ನಕ್ಕ.

“ಅಯ್ಯೋ, ಬನ್ರೋ, ನೋಡ್ರೋ! ನಮ್ಮ ಡೀಲಿಯಾ ಕಾವಿಗೆ ಕೂತ್ಬಿಟ್ಲು!”

ಅಕ್ಟೋಬರ್ 4, ಗುರುವಾರ

ಲಂಗವನ್ನು ಮೂರು ಸಲ ಒಗೆದೆ. ವಾಸನೆ ಹೋಗಿಲ್ಲ.

ಇವತ್ತು ಲೆಕ್ಕ ಹಾಕಿ ನೋಡಿದೆ. ಎಂಟು ಜನರಲ್ಲಿ ನನ್ನನ್ನೇ ಏಕೆ? ಯಾರೋ ಹೇಳಿಕೊಟ್ಟಿದ್ದಾರೆ. ಯಾರು? ಭಾನುವಾರ ಪ್ಯಾಕಿಯ ಹೋರಿಗಳು ನನ್ನ ಟರ್ನಿಪ್ ಹೊಲಕ್ಕೆ ನುಗ್ಗಿದ್ದವು. ನಾನು ಅವನ್ನು ನನ್ನ ಅಂಗಳದಲ್ಲಿ ಕೂಡಿಹಾಕಿ ಅವನು ಎರಡು ಸಲ ಬೇಡಿಕೊಂಡ ಮೇಲೆ ಬಿಟ್ಟೆ. “ನಿನಗೂ ಒಂದು ದಿನ ಬರುತ್ತೆ, ಡೀಲಿಯಾ” ಎಂದು ಹೋದ. ಭಾನುವಾರ ಅಂದ, ಬುಧವಾರ ಬಂತು. ಇದಕ್ಕಿಂತ ಸಾಕ್ಷಿ ಏನು ಬೇಕು?

ಮೊಟ್ಟೆ ಹೋದದ್ದಕ್ಕಲ್ಲ ನನ್ನ ಸಂಕಟ. ಎಂಥ ಮೊಟ್ಟೆಗಳು! ನನ್ನ ಅಮ್ಮ ಕಾರ್ಕ್ ಕಡೆಯವಳು. ಕೋಳಿ ಎದ್ದ ತಕ್ಷಣ, ಮೊಟ್ಟೆ ಬಿಸಿಯಿರುವಾಗಲೇ, ಅಂಗೈಗೆ ಚೂರು ಬೆಣ್ಣೆ ಹಚ್ಚಿಕೊಂಡು ಚಿಪ್ಪಿಗೆ ಸವರುವುದನ್ನು ಕಲಿಸಿದವಳು ಅವಳೇ. ತಿಂಗಳಾದರೂ ಕೆಡುವುದಿಲ್ಲ, ಕನ್ನಡಿಯ ಹಾಗೆ ಹೊಳೆಯುತ್ತದೆ. ಈ ಸೀಮೆಯಲ್ಲಿ ಹಾಗೆ ಮಾಡುವವಳು ನಾನೊಬ್ಬಳೇ. ವೈಲಿ ಅಮ್ಮ ನನ್ನ ಮೊಟ್ಟೆಯನ್ನು ಬೇರೆ ಬಟ್ಟಲಲ್ಲಿ ಇಡುತ್ತಾಳೆ. ಇಡುತ್ತಿದ್ದಳು.

ಅಕ್ಟೋಬರ್ 7, ಭಾನುವಾರ

ಪೂಜೆ ಮುಗಿಸಿ ಹೊರಗೆ ಬಂದರೆ ಚರ್ಚಿನ ಗೋಡೆಯ ಮೇಲೆ ಗಂಡಸರ ಸಾಲು. ಜೋಸಿ ಮಕೆನಾ ಕತ್ತು ಮುಂದೆ ಚಾಚಿ “ಕೊಕ್ಕೋ… ಕೊಕ್ಕೋ…” ಎಂದ. ಎಲ್ಲರೂ ಕಿಸಕ್ಕೆಂದರು.

“ಎಷ್ಟು ಮರಿ ಎದ್ದವು, ಡೀಲಿಯಾ?”

“ನಿನ್ನಂಥ ಒಂದು ಹುಂಜ ಎದ್ದಿದ್ದಕ್ಕೆ ಕತ್ತು ಮುರಿದು ಸಾರು ಮಾಡ್ದೆ” ಎಂದೆ. ಉತ್ತರ ಚೆನ್ನಾಗಿಯೇ ಇತ್ತು. ಆದರೆ ಮನೆಗೆ ಬರುವ ದಾರಿಯಲ್ಲಿ ಕಣ್ಣು ಉರಿಯಿತು. ನನಗೆ ನಲವತ್ತಾರು. ಗಂಡನನ್ನು ಮಣ್ಣು ಮಾಡಿ ಒಂಬತ್ತು ವರ್ಷ ಯಾರ ಬಾಯಿಗೂ ಬೀಳದೆ ಬದುಕಿದ್ದೆ. ಈಗ ಊರಿಗೆಲ್ಲ ನಾನು ಕಾವು ಕೋಳಿ.

ಗೋಡೆಯ ಕೊನೆಯಲ್ಲಿ ಪ್ಯಾಕಿ ಕೂತಿದ್ದ. ಅವನು ಕೂಗಲಿಲ್ಲ. ಟೋಪಿಯನ್ನು ಮುಖಕ್ಕೆ ಎಳೆದುಕೊಂಡಿದ್ದ, ಭುಜ ಮಾತ್ರ ಕುಣಿಯುತ್ತಿತ್ತು. ಅದನ್ನು ನಾನು ಬಡ್ಡಿ ಸಮೇತ ತೀರಿಸುತ್ತೇನೆ.

ಅಕ್ಟೋಬರ್ 15, ಸೋಮವಾರ

ಸಂಜೆ ಪ್ಯಾಕಿ ನನ್ನ ಗೇಟಿಗೆ ಬಂದ. ಬರುವ ಮುಖ ಇದೆಯಲ್ಲ ಅವನಿಗೆ!

“ಡೀಲಿಯಾ, ನಾಳೆ ಬೆಳಿಗ್ಗೆ ನಾಲ್ಕು ಹೋರಿ ದಾಟಿಸ್ಬೇಕು. ಬೇಲಿ ನೋಡ್ಕೋತೀಯಾ?”

“ಯಾವತ್ತು ನೋಡ್ಕೊಂಡಿಲ್ಲ?”

“ಹಾಗಲ್ಲ, ಮೊನ್ನೆದು ಮನಸ್ಸಲ್ಲಿ ಇಟ್ಕೊಂಡಿದೀಯೇನೋ ಅಂತ…”

“ನನಗೆ ಬೇರೆ ಕೆಲಸ ಇಲ್ವಾ?”

ನನ್ನ ಮನೆ ಗುಡ್ಡದ ನೆತ್ತಿಯಲ್ಲಿದೆ. ಸೇತುವೆ, ಹೊಳೆಯನ್ನು ನಡೆದೇ ದಾಟುವ ಹಾಯಿಗಡ, ಆಚೆ ದಂಡೆಯ ರಸ್ತೆ, ಎಲ್ಲವೂ ಇಲ್ಲಿಂದ ಅಂಗೈ ಮೇಲಿನ ಗೆರೆಯ ಹಾಗೆ ಕಾಣುತ್ತದೆ. ಸುಂಕ ಬಂದ ವರ್ಷವೇ ಊರವರೆಲ್ಲ ಸೇರಿ ಈ ಕೆಲಸ ನನಗೆ ಒಪ್ಪಿಸಿದರು. ಸುಂಕದವರು ಆಚೆ ಸುಳಿದಾಡುತ್ತಿದ್ದರೆ ನನ್ನ ಬೇಲಿಯ ಮೇಲೆ ಕೆಂಪು ಉಣ್ಣೆ ಲಂಗ. ದಾರಿ ಖಾಲಿಯಿದ್ದರೆ ಬಿಳಿ ದುಪ್ಪಟಿ. ಕೆಳಗಿನ ಹನ್ನೊಂದು ಮನೆಗಳೂ ಏಳುವಾಗ ನನ್ನ ಬೇಲಿ ನೋಡಿಯೇ ಏಳುತ್ತವೆ. ಎರಡು ವರ್ಷದಲ್ಲಿ ಒಂದು ದಿನವೂ ತಪ್ಪಿಲ್ಲ. ಜ್ವರ ಬಂದ ದಿನ ಕೂಡ ಗೋಡೆ ಹಿಡಿದುಕೊಂಡು ಹೋಗಿ ಲಂಗ ಹರಡಿ ಬಂದಿದ್ದೇನೆ.

ಪ್ಯಾಕಿ ಇಳಿಜಾರಿನಲ್ಲಿ ಸಿಳ್ಳೆ ಹಾಕುತ್ತಾ ಹೋದ.

ಅಕ್ಟೋಬರ್ 16, ಮಂಗಳವಾರ

ಆಯಿತು.

ಬೆಳಕು ಹರಿಯುವಾಗ ಎದ್ದೆ. ಆಚೆ ದಂಡೆಯಲ್ಲಿ ಸುಣ್ಣದ ಭಟ್ಟಿಯ ಹಿಂದೆ ಮೂರು ಟೋಪಿ. ಕೆಂಪು ಮೀಸೆಯವನೂ ಇದ್ದ. ಕೈ ತನ್ನಷ್ಟಕ್ಕೆ ಕೆಂಪು ಲಂಗ ತೆಗೆದುಕೊಂಡಿತು, ತನ್ನಷ್ಟಕ್ಕೆ ಬೇಲಿಗೆ ಹರಡಿತು. ನಾನು ಅದನ್ನೇ ನೋಡುತ್ತಾ ನಿಂತೆ. ಆ ಬೆಂಚು ನೆನಪಾಯಿತು. ಆ ನಗು ನೆನಪಾಯಿತು. ಟೋಪಿಯ ಕೆಳಗೆ ಕುಣಿಯುತ್ತಿದ್ದ ಭುಜ ನೆನಪಾಯಿತು.

ಲಂಗ ತೆಗೆದು ಒಳಗೆ ಹಾಕಿದೆ. ದುಪ್ಪಟಿ ತಂದು ಹರಡಿದೆ. ಸುಕ್ಕಿಲ್ಲದ ಹಾಗೆ, ನಾಲ್ಕೂ ಮೂಲೆ ಎಳೆದು ಹರಡಿದೆ.

ಪ್ಯಾಕಿ ಹಾಯಿಗಡದಲ್ಲಿ ಇಳಿದ. ಮೊಣಕಾಲು ನೀರಿನಲ್ಲಿ ಹೋರಿಗಳ ಹಿಂದೆ ನಡೆದ. ಆಚೆ ಮಣ್ಣಿಗೆ ಕಾಲಿಟ್ಟನೋ ಇಲ್ಲವೋ, ಮೂರು ಟೋಪಿಗಳೂ ಎದ್ದವು. ಅವನು ತಿರುಗಿ ಗುಡ್ಡದ ಕಡೆ, ನನ್ನ ಬೇಲಿಯ ಕಡೆ ನೋಡಿದ. ಅಷ್ಟು ದೂರದಿಂದ ಮುಖ ಕಾಣಲಿಲ್ಲ. ಕಾಣಬೇಕಿತ್ತು.

ನಾನು ಯಾರಿಗೂ ಒಂದು ಮಾತು ಹೇಳಿಲ್ಲ. ಕಾಗದ ಬರೆದಿಲ್ಲ. ಒಗೆದ ದುಪ್ಪಟಿ ಒಣಗಲು ಹಾಕಿದೆ. ಮಾಡಿದ್ದುಣ್ಣೋ ಮಹರಾಯ.

ಮಧ್ಯಾಹ್ನ ಹೊಟ್ಟೆ ತುಂಬ ತಿಂದೆ. ತುಂಬ ದಿನವಾಗಿತ್ತು.

ಅಕ್ಟೋಬರ್ 17, ಬುಧವಾರ

ಪ್ಯಾಕಿಯ ಹೆಂಡತಿ ನ್ಯಾನ್ ಬಂದಿದ್ದಳು, ಜೋಸಿ ಮಕೆನಾನ ಜೊತೆ. ಅವಳು ಬಾಗಿಲಲ್ಲೇ ನಿಂತಳು. ಕೇಳಿದ್ದೆಲ್ಲ ಜೋಸಿಯೇ.

“ದಾರಿ ಖಾಲಿ ಇತ್ತಾ, ಡೀಲಿಯಾ?”

“ಖಾಲಿ ಇದ್ದಿದ್ದಕ್ಕೇ ಬಿಳಿ ಹಾಕಿದ್ದು. ಭಟ್ಟಿ ಒಳಗೆ ಬಚ್ಚಿಟ್ಕೊಂಡಿದ್ರೆ ನನಗೇನು ಕಣ್ಣು ಹಿಂದೂ ಇದೆಯಾ?”

“ಅಲ್ಲೇ ಕಾಯ್ಕೊಂಡು ಕೂತಿದ್ರು ಅಂದ್ರೆ ಯಾರೋ ಹಿಡಿದುಕೊಟ್ಟಿದಾರೆ. ಬೆಳಿಗ್ಗೆ ರಸ್ತೇಲಿ ಯಾರನ್ನಾದ್ರೂ ನೋಡ್ದ್ಯಾ?”

ಯೋಚಿಸಿದೆ. ನೋಡಿದ್ದು ನಿಜವೇ. “ಎಡ್ಡಿ ನೋಬಲ್ ರೊಟ್ಟಿ ಗಾಡಿ ಹೋಯ್ತು” ಎಂದೆ.

ಎಡ್ಡಿ ಆಚೆ ಕಡೆಯವನು, ಪ್ರಾಟೆಸ್ಟೆಂಟ್. ಮಂಗಳವಾರ, ಶುಕ್ರವಾರ ಪೇಟೆ ರೊಟ್ಟಿ ತರುತ್ತಾನೆ. ಜೋಸಿ ತಲೆ ಆಡಿಸಿದ. ಎಡ್ಡಿಯ ಬಗ್ಗೆ ನಾನು ಹೇಳಿದ್ದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ.

ಅಕ್ಟೋಬರ್ 18, ಗುರುವಾರ

ಆಚೆಯ ಕೋರ್ಟಿನಲ್ಲಿ ತೀರ್ಮಾನವಾಯಿತು. ಹೋರಿಗಳು ಜಪ್ತಿ. ದಂಡ ಕಟ್ಟಲು ಪ್ಯಾಕಿಯ ಹತ್ತಿರ ಕಾಸಿಲ್ಲ, ಆರು ವಾರ ಜೈಲು. ಒಳ್ಳೆಯದೇ ಆಯಿತು. ಬೆಂಚಿನ ಮೇಲೆ ಕೂರುವುದು ಅವನಿಗೂ ಅಭ್ಯಾಸವಾಗಲಿ.

ಅಕ್ಟೋಬರ್ 22, ಸೋಮವಾರ

ಗಂಡಸು ಜೈಲಿಗೆ ಹೋದರೆ ಅಕ್ಕಪಕ್ಕದವರು ಅವನ ಕೊಟ್ಟಿಗೆ ನೋಡಿಕೊಳ್ಳಬೇಕು. ಇದು ಯಾರೂ ಬರೆದಿಡದ ಕಾನೂನು. ಹತ್ತಿರದ ಮನೆ ನನ್ನದು. ಹೋಗದಿದ್ದರೆ ನಾಲ್ಕು ಜನ ನಾಲ್ಕು ಮಾತಾಡುತ್ತಾರೆ. ಹೋದೆ. ಬೆಳಿಗ್ಗೆ ಆರು ಗಂಟೆಗೆ.

ಐದು ಹಸು. ನ್ಯಾನ್‌ಗೆ ಮೂರು, ನನಗೆ ಎರಡು. ನನ್ನ ಪಾಲಿಗೆ ಬಂದ ಕರಿ ಹಸು ಒದೆಯುತ್ತದೆ. ಪ್ಯಾಕಿಗೆ ಬಿಟ್ಟರೆ ಬೇರೆ ಯಾರಿಗೂ ಹಾಲು ಬಿಡುವುದಿಲ್ಲವಂತೆ. ಅವನಂಥದ್ದೇ ಹಸು. ಎರಡು ಸಲ ಒದೆಸಿಕೊಂಡ ಮೇಲೆ ಅಮ್ಮ ಹಾಲು ಕರೆಯುವಾಗ ಹೇಳುತ್ತಿದ್ದ ಹಾಡು ನೆನಪಾಯಿತು, ಗುನುಗಿದೆ. ಬಿಟ್ಟಿತು.

ನ್ಯಾನ್ ಚಹಾ ಕೊಟ್ಟಳು. “ಪುಣ್ಯಾತ್ಗಿತ್ತಿ ನೀನು, ಡೀಲಿಯಾ” ಎಂದಳು. ಚಹಾ ಗಂಟಲಲ್ಲಿ ಇಳಿಯಲಿಲ್ಲ. ಬಿಸಿ ಜಾಸ್ತಿಯಾಗಿತ್ತು.

ನವೆಂಬರ್ 3, ಶನಿವಾರ

ಪಾಪನಿವೇದನೆಗೆ ಹೋಗಿದ್ದೆ. ಫಾದರ್‌ಗೆ ಎಲ್ಲ ಹೇಳಿದೆ. ಸಿಟ್ಟು, ಬೈಗುಳ, ಶುಕ್ರವಾರ ಮರೆತು ಮಾಂಸದ ಸಾರು ಕುಡಿದದ್ದು. ಜಪಮಾಲೆ ಒಂದು ಸುತ್ತು ಹೇಳು ಎಂದರು. ದುಪ್ಪಟಿಯ ವಿಷಯ ಹೇಳಲಿಲ್ಲ. ಬಟ್ಟೆ ಒಣಹಾಕಬಾರದು ಎಂದು ಹತ್ತು ಆಜ್ಞೆಗಳಲ್ಲಿ ಎಲ್ಲಿದೆ?

ನವೆಂಬರ್ 6, ಮಂಗಳವಾರ

ಕರಿ ಹಸು ನನ್ನ ಹೆಜ್ಜೆ ಸದ್ದಿಗೇ ಕೂಗುತ್ತದೆ. ಇವತ್ತು ನ್ಯಾನ್‌ಗೆ ಕೈ ನೋವು ಎಂದು ನಾಲ್ಕು ಹಸು ನಾನೇ ಕರೆದೆ. ಆಮೇಲೆ ಸಗಣಿ ಬಾಚಿದೆ. ಆಮೇಲೆ ಅವರ ಆಲೂಗಡ್ಡೆ ಗುಂಡಿಗೆ ಹುಲ್ಲು ಮುಚ್ಚಿದೆ, ಹಿಮ ಬಿದ್ದರೆ ಕೊಳೆಯುತ್ತದೆ. ಪ್ಯಾಕಿಗಾಗಿ ಅಲ್ಲ. ಕೊಳೆತ ಆಲೂಗಡ್ಡೆಯ ವಾಸನೆ ನನ್ನ ಮನೆಗೇ ಬರುವುದು.

ಈ ವಸಂತದಲ್ಲಿ ಊರವರೆಲ್ಲ ಕರು ಕೊಂದರು. ಮಾರಲು ಊರಿಲ್ಲ, ಕರುವಿನ ಚರ್ಮಕ್ಕೆ ಸರ್ಕಾರವೇ ಕಾಸು ಕೊಡುತ್ತದೆ. ಬಾಯ್ಲನ್ ಕೊಟ್ಟಿಗೆಯಲ್ಲಿ ಮೂರು ಕರು ಇವೆ. “ಚಾಕು ತಗೊಂಡು ಹೋದ, ಹಾಗೇ ವಾಪಸ್ ಬಂದ” ಎಂದಳು ನ್ಯಾನ್. ನನಗೇಕೆ ಹೇಳಿದಳೋ.

ಎಡ್ಡಿಯ ಗಾಡಿ ಹಾದುಹೋಗುವಾಗ ಮನೆಮನೆಯ ಬಾಗಿಲೂ ಮುಚ್ಚಿಕೊಳ್ಳುತ್ತಿದೆ. ಮೂರು ವಾರದಿಂದ ಊರಿನಲ್ಲಿ ಯಾರೂ ಅವನ ರೊಟ್ಟಿ ಕೊಳ್ಳುತ್ತಿಲ್ಲ, ಮಾತಾಡಿಸುತ್ತಿಲ್ಲ. ಇಲ್ಲಿ ಕಳ್ಳನಿಗೆ ಕ್ಷಮೆ ಇದೆ, ಕುಡುಕನಿಗೆ ಇದೆ. ಹಿಡಿದುಕೊಟ್ಟವನ ಮೊಮ್ಮಗನಿಗೂ ಹೆಣ್ಣು ಸಿಗುವುದಿಲ್ಲ. ನಾನೊಬ್ಬಳು ಎರಡು ರೊಟ್ಟಿ ಕೊಂಡೆ. ಸುಡಲು ಸೋಮಾರಿತನ, ಅದಕ್ಕೆ.

ನವೆಂಬರ್ 16, ಶುಕ್ರವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಎಡ್ಡಿ ಬಂದ. ಗಾಡಿಯಲ್ಲಿ ಹೇರಿದ ರೊಟ್ಟಿ ಹೇರಿದ ಹಾಗೇ ಇತ್ತು. ಟೋಪಿ ಕೈಯಲ್ಲಿ ಹಿಡಿದು ನಿಂತ. ಐವತ್ತೈದರ ಗಂಡಸು, ಗಡ್ಡ ಕೆರೆದಿರಲಿಲ್ಲ.

“ಮಿಸೆಸ್ ಟ್ರೇನರ್, ನೀವೊಬ್ರೇ ಬಾಗಿಲು ತೆಗೆಯೋದು. ಹೀಗೇ ಆದ್ರೆ ತಿಂಗಳ ಕೊನೆಗೆ ಬೇಕರಿಯವರು ಈ ದಾರಿ ನನ್ನಿಂದ ಕಿತ್ಕೋತಾರೆ. ಇಪ್ಪತ್ತೆರಡು ವರ್ಷ ಆಯ್ತು ಈ ದಾರೀಲಿ. ನಾನು ಏನ್ ಮಾಡ್ದೆ ಅಂತ ಯಾರಾದ್ರೂ ಮುಖಕ್ಕೆ ಹೇಳಿದ್ರೆ ಸಾಕಿತ್ತು.”

“ಜನಕ್ಕೇನು, ಮರೀತಾರೆ ಬಿಡು, ಎಡ್ಡಿ.”

“ನಿಮಗೂ ಅನ್ಯಾಯ ಆಯ್ತಲ್ಲ ಪಾಪ, ಆ ಮೊಟ್ಟೆ ವಿಷಯ. ವೈಲಿ ಅಮ್ಮ ಇನ್ನೂ ಆ ಕೆಲಸದ ಹುಡುಗೀನ ಬೈತಿದಾರೆ.”

“ಯಾವ ಹುಡುಗಿ?”

“ಗೊತ್ತಿಲ್ವಾ? ಆ ಅಧಿಕಾರಿ ಹೆಂಡ್ತಿ ಅಂಗಡೀಲಿ 'ಇದೇನು ಈ ಮೊಟ್ಟೆ ಹೀಗೆ ಹೊಳೆಯುತ್ತೆ' ಅಂತ ಕೇಳಿದ್ಲಂತೆ. ಹುಡುಗಿ ಹೆಮ್ಮೆಯಿಂದ, 'ಇದು ಡೀಲಿಯಾ ಟ್ರೇನರ್ ಮೊಟ್ಟೆ, ಬೆಣ್ಣೆ ಸವರಿದ್ದು, ಸೀಮೆಗೇ ಇವರೊಬ್ರೇ' ಅಂದ್ಬಿಟ್ಲು. ಆಕೆ ಮನೇಲಿ ಬೇಯಿಸಿ ಗಂಡನ ಮುಂದೆ ಇಟ್ಟು ಅದನ್ನೇ ಹೇಳಿದ್ಲು. ಅವನು ತಿಂದು, ಬಾಯಿ ಒರೆಸ್ಕೊಂಡು, ಬುಧವಾರ ನಿಮಗೆ ಬೆಂಚು ಹಾಕ್ದ.”

ಬಾಗಿಲ ಚಿಲಕ ಹಿಡಿದುಕೊಂಡು ನಿಂತೆ. ಎಡ್ಡಿ ಮಾತಾಡುತ್ತಲೇ ಇದ್ದ. ನನಗೆ ಒಂದೂ ಕೇಳಿಸಲಿಲ್ಲ.

ಪ್ಯಾಕಿ ಬಾಯ್ಲನ್ ಬರೀ ನಕ್ಕಿದ್ದ.

ನವೆಂಬರ್ 17, ಶನಿವಾರ

ಮೊಟ್ಟೆಗಳನ್ನು ಹಾಗೇ ಬಿಟ್ಟೆ. ಸವರಲಿಲ್ಲ.

ನವೆಂಬರ್ 19, ಸೋಮವಾರ

ಆ ಹುಡುಗಿಯ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ. ನಿಲ್ಲಲಿಲ್ಲ. ಅಧಿಕಾರಿಯ ಹೆಂಡತಿಯ ಮೇಲೆ, ಕಾರ್ಕಿನಲ್ಲಿ ಹುಟ್ಟಿದ ನನ್ನ ಅಮ್ಮನ ಮೇಲೆ, ಡಬ್ಲಿನ್ ಮೇಲೆ, ಲಂಡನ್ ಮೇಲೆ. ಎಲ್ಲೂ ನಿಲ್ಲಲಿಲ್ಲ. ಇಷ್ಟು ದಿನ ಸಿಟ್ಟು ಎಷ್ಟು ಒಳ್ಳೆಯ ಒಲೆಯಾಗಿತ್ತು! ಈಗ ಮನೆ ಪೂರ್ತಿ ಥಂಡಿ.

ಜೋಸಿ ಮಕೆನಾ ಇವತ್ತು ನನ್ನ ಗೇಟಿನ ಹತ್ತಿರ ನಿಂತು, ಬರುವ ವಾರ ಎಡ್ಡಿಯ ಗಾಡಿಯನ್ನು ಸೇತುವೆಯಿಂದ ಹೊಳೆಗೆ ತಳ್ಳುತ್ತೇವೆ, ಪ್ಯಾಕಿ ಬರುವ ಹೊತ್ತಿಗೆ ಅವನಿಗೆ ಉಡುಗೊರೆ ಎಂದ. “ಕುದುರೆ ಬಿಚ್ಚಿಯೇ ತಳ್ಳೋದು, ನಾವೇನು ಕಟುಕರಲ್ಲ” ಎಂದೂ ಸೇರಿಸಿದ. ನಾನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡೆ.

ನವೆಂಬರ್ 21, ಬುಧವಾರ

ಹೇಳಿದೆ. ಕರಿ ಹಸುವಿನ ಪಕ್ಕದಲ್ಲಿ ಕೂತು, ಹಣೆಯನ್ನು ಅದರ ಹೊಟ್ಟೆಗೆ ಒತ್ತಿಕೊಂಡೇ ಹೇಳಿದೆ. ಎದುರಿಗೆ ನಿಂತು ಹೇಳಲು ಆಗಲಿಲ್ಲ.

“ನ್ಯಾನ್, ಹಿಡಿದುಕೊಟ್ಟಿದ್ದು ಎಡ್ಡಿ ಅಲ್ಲ. ನಾನು.”

ಆಚೆ ಬಕೆಟ್ಟಿನಲ್ಲಿ ಹಾಲು ಬೀಳುವ ಸದ್ದು ನಿಲ್ಲಲಿಲ್ಲ.

“ಗೊತ್ತು” ಎಂದಳು.

“ಏನು ಗೊತ್ತು?”

“ಅವತ್ತು ನಿನ್ನ ಮನೆ ಹಿಂದಿನ ಬಾವಿ ಹತ್ರ ಇದ್ದೆ. ಕೆಂಪು ಲಂಗ ಹಾಕಿದ್ದು ನೋಡ್ದೆ. ಸರಿ, ಪ್ಯಾಕಿ ವಾಪಸ್ ಬರ್ತಾನೆ, ಗಂಜಿಗೆ ಇಡೋಣ ಅಂತ ನೀರೆತ್ಕೊಂಡೆ. ತಿರುಗಿ ನೋಡಿದ್ರೆ ಬಿಳಿ. ಬಕೆಟ್ ಎಸೆದು ಓಡ್ದೆ. ನಾನು ಹೊಳೆ ಮುಟ್ಟೋ ಹೊತ್ತಿಗೆ ಅವನ ಕೈಗೆ ಬೇಡಿ ಬಿದ್ದಿತ್ತು.”

“ಮತ್ತೆ… ಇಷ್ಟು ದಿನ ಯಾಕೆ ಸುಮ್ನಿದ್ದೆ?”

“ಐದು ಹಸು ಯಾರು ಕರೀತಿದ್ರು? ಅವತ್ತೇ ಊರಿಗೆ ಹೇಳಿದ್ರೆ ನಿನ್ನ ಮುಖಕ್ಕೆ ಉಗಿದು ಸುಮ್ನಾಗ್ತಿದ್ರು. ನಾನು ಒಂದು ತಿಂಗಳು ದಿನಾ ಬೆಳಿಗ್ಗೆ ಆರಕ್ಕೆ ನಿನ್ನ ಎಬ್ಬಿಸಿದೀನಿ. ನನ್ನ ಕೊಟ್ಟಿಗೆ ಸಗಣಿ ಬಾಚಿಸಿದೀನಿ. 'ಪುಣ್ಯಾತ್ಗಿತ್ತಿ' ಅಂದಾಗೆಲ್ಲ ನಿನ್ನ ಗಂಟಲು ಕಟ್ಟೋದನ್ನ ಕೂತ್ಕೊಂಡು ನೋಡಿದೀನಿ. ನನ್ನ ಕೈಗೆ ಯಾವ ನೋವೂ ಇರ್ಲಿಲ್ಲ, ತಿಳ್ಕೋ.”

ಹೆಂಗಸು ನನಗಿಂತ ಒಂದು ಕೈ ಮೇಲು.

“ಎಡ್ಡಿ?” ಎಂದೆ.

ಆಗ ಮಾತ್ರ ಅವಳ ಕೈ ನಿಂತಿತು. “ಅದು ನನ್ನ ಲೆಕ್ಕಕ್ಕೆ ಮೀರಿ ಹೋಯ್ತು. ನಾನು ಬಾಯಿ ಬಿಡ್ಬೇಕಿತ್ತು, ಬಿಡ್ಲಿಲ್ಲ. ನನ್ನ ಪಾಪ ನಾನು ನೋಡ್ಕೋತೀನಿ. ನಿನ್ನದು ನೀನು ನೋಡ್ಕೋ. ಆ ಹಸು ಪೂರ್ತಿ ಕರಿ, ಅರ್ಧಕ್ಕೆ ಬಿಡ್ಬೇಡ.”

ನವೆಂಬರ್ 25, ಭಾನುವಾರ

ಪೂಜೆ ಮುಗಿದ ಮೇಲೆ ಚರ್ಚಿನ ಗೇಟಿನಲ್ಲಿ ನಿಂತೆ. ಗೋಡೆಯ ಮೇಲಿನ ಸಾಲು ಕೂತಿತ್ತು. ಹೆಂಗಸರು ಶಾಲು ಸರಿಮಾಡಿಕೊಳ್ಳುತ್ತಾ ಬರುತ್ತಿದ್ದರು.

“ಪ್ಯಾಕಿ ಬಾಯ್ಲನ್ನ ಹಿಡಿದುಕೊಟ್ಟಿದ್ದು ಎಡ್ಡಿ ನೋಬಲ್ ಅಲ್ಲ” ಎಂದೆ. ಸಂತೆಯಲ್ಲಿ ಮೊಟ್ಟೆ ಕೂಗುವ ಧ್ವನಿಯಲ್ಲೇ ಹೇಳಿದೆ, ನನಗೆ ಬೇರೆ ಧ್ವನಿ ಇಲ್ಲ. “ನಾನು. ಭಟ್ಟಿ ಹಿಂದೆ ಮೂರು ಜನ ಇದ್ದಿದ್ದು ನೋಡ್ದೆ. ನೋಡ್ಕೊಂಡೇ ಬಿಳಿ ದುಪ್ಪಟಿ ಹಾಕ್ದೆ.”

ಇದನ್ನು ಒಳ್ಳೆಯತನದಿಂದ ಮಾಡಲಿಲ್ಲ. ನಾನು ಮಾಡಿದ ಕೆಲಸ ಇನ್ನೊಬ್ಬನ ಹೆಸರಿನಲ್ಲಿ ನಡೆಯುವುದು ನನಗೆ ಹಿಡಿಸುವುದಿಲ್ಲ, ಅಷ್ಟೆ.

ಯಾರೂ ಬೈಯಲಿಲ್ಲ. ಉಗುಳಲೂ ಇಲ್ಲ. ಹೆಂಗಸರು ನನ್ನ ಎರಡೂ ಪಕ್ಕದಿಂದ ಸರಿದು, ಕೆಸರು ದಾಟುವ ಹಾಗೆ ಲಂಗ ಎತ್ತಿಕೊಂಡು ಹೋದರು. ಜೋಸಿ ಮಕೆನಾ ಗೋಡೆಯಿಂದ ಇಳಿದು ನಡೆದ. ಅವನು ಒಂದು ಸಲ ಕೊಕ್ಕೋ ಎಂದಿದ್ದರೂ ಸಾಕಿತ್ತು.

ನವೆಂಬರ್ 27, ಮಂಗಳವಾರ

ನ್ಯಾನ್ ನಡುರಸ್ತೆಯಲ್ಲಿ ನಿಂತು, ಹನ್ನೊಂದು ಮನೆಗೂ ಕೇಳುವ ಹಾಗೆ, “ಎಡ್ಡಿ, ನಾಲ್ಕು ರೊಟ್ಟಿ ಕೊಡಿ! ಗಂಡ ಮನೆಗೆ ಬರ್ತಾನೆ!” ಎಂದಳು. ಒಂದೊಂದೇ ಬಾಗಿಲು ತೆರೆಯಿತು. ಗಾಡಿ ಅರ್ಧ ಖಾಲಿಯಾಯಿತು.

ನನ್ನ ಗೇಟಿನ ಮುಂದೆ ಗಾಡಿ ನಿಲ್ಲಲಿಲ್ಲ. ನ್ಯಾಯವೇ. ಆದರೂ ಕುದುರೆಯಾದರೂ ಒಂದು ಸಲ ಈ ಕಡೆ ತಲೆ ತಿರುಗಿಸಬಹುದಿತ್ತು.

ನವೆಂಬರ್ 29, ಗುರುವಾರ

ಪ್ಯಾಕಿ ಬಂದ. ಮನೆಗೆ ಹೋಗಿ ಅಂಗಿ ಬದಲಾಯಿಸಿ ನೇರ ಗುಡ್ಡ ಹತ್ತಿ ಬಂದ. ಸೊರಗಿದ್ದಾನೆ. ಒಳಗೆ ಬಾ ಎಂದೆ, ಬರಲಿಲ್ಲ.

“ನಾನು ನಕ್ಕಿದ್ದಕ್ಕಾ?” ಎಂದ.

“ನೀನು ಹಿಡಿದುಕೊಟ್ಟೆ ಅಂದ್ಕೊಂಡಿದ್ದೆ.”

“ಅದು ಸರಿ. ನಾನು ಕೇಳ್ತಿರೋದು ಬೇರೆ. ಹಿಡಿದುಕೊಟ್ಟಿಲ್ಲ ಅಂತ ಗೊತ್ತಿದ್ದಿದ್ರೆ? ಬರೀ ನಕ್ಕಿದ್ದಕ್ಕೆ, ಆ ದುಪ್ಪಟಿ ಹಾಕ್ತಿದ್ಯಾ?”

ಇಲ್ಲ ಎನ್ನಬಹುದಿತ್ತು. ಬಾಯಲ್ಲೇ ಇತ್ತು.

“ಹಾಕ್ತಿದ್ದೆ ಅನ್ಸುತ್ತೆ.”

ಅವನು ಹೊಳೆಯ ಕಡೆ ತಿರುಗಿದ. “ನಗು ಬಂತು, ನಕ್ಕೆ. ಜೈಲಲ್ಲೂ ಎರಡು ಮೂರು ಸಲ ನೆನೆಸ್ಕೊಂಡು ನಕ್ಕಿದೀನಿ. ನಿನ್ನ ಮೇಲೆ ದ್ವೇಷ ಇದ್ದು ನಕ್ಕಿದ್ದಲ್ಲ ಅದು. ಇನ್ಮೇಲೆ ಆ ನಗು ಬರಲ್ಲ.”

ಆಮೇಲೆ ಊರಿನ ತೀರ್ಮಾನ ಹೇಳಿದ. ಬೇಲಿಯ ಕೆಲಸ ಮಕೆನಾ ಮನೆಗೆ. ಅವರ ಜಗುಲಿಯಿಂದ ಅರ್ಧ ರಸ್ತೆಯೂ ಕಾಣುವುದಿಲ್ಲ. “ಕಾಣದಿದ್ರೂ ಪರವಾಗಿಲ್ಲ” ಎಂದ. “ನಿನ್ನ ಬೇಲಿ ಮೇಲೆ ಒಂದು ಕರವಸ್ತ್ರನೂ ಕಾಣ್ಬಾರ್ದು. ಬಿಳಿಯಾಗ್ಲಿ, ಕೆಂಪಾಗ್ಲಿ, ಯಾರಾದ್ರೂ ಹಳೇ ರೂಢಿಲಿ ನೋಡಿ ನಂಬಿಬಿಡ್ತಾರೆ. ಬಟ್ಟೆ ಒಳಗೇ ಒಣಗಿಸ್ಕೋ.”

“ಎಷ್ಟು ದಿನ?”

“ಸುಂಕ ಇರೋವರೆಗೆ.” ಇಳಿಯುತ್ತಾ ನಿಂತು ತಿರುಗಿದ. “ನಾಳೆಯಿಂದ ಕೊಟ್ಟಿಗೆಗೂ ಬರ್ಬೇಡ.”

ನವೆಂಬರ್ 30, ಶುಕ್ರವಾರ

ಆರಕ್ಕೆ ಎಚ್ಚರವಾಯಿತು. ಎಲ್ಲಿಗೂ ಹೋಗುವುದಿರಲಿಲ್ಲ.

ಡಿಸೆಂಬರ್ 3, ಸೋಮವಾರ

ಮೂರು ದಿನದಿಂದ ಕರಿ ಹಸು ಕೂಗುತ್ತಿದೆ. ಗುಡ್ಡದ ಮೇಲಿದ್ದರೂ ಅಡಿಗೆಮನೆಯಲ್ಲಿ ನಿಂತಿರುವ ಹಾಗೆ ಕೇಳಿಸುತ್ತದೆ. ನಿನ್ನೆ ಚರ್ಚಿನ ಬಳಿ ಹೆಂಗಸರ ಮಾತು ಕಿವಿಗೆ ಬಿತ್ತು: ಅದು ಪ್ಯಾಕಿಯನ್ನು ಒದ್ದಿತಂತೆ, ಮಂಡಿ ಊದಿದೆಯಂತೆ. ಕೇಳಿ ಸಂತೋಷವಾಯಿತು. ಪಾಪವೆಂದು ಗೊತ್ತು, ಆದರೂ ಆಯಿತು. ಬೆಳಿಗ್ಗೆ ಕಿಟಕಿ ಮುಚ್ಚಿದೆ. ಕಿವಿಗೆ ಶಾಲು ಸುತ್ತಿಕೊಂಡೆ. ಆಗಲೂ ಕೇಳಿಸಿತು.

ಹತ್ತು ಗಂಟೆಗೆ ಹೊಲದ ಕೆಳಗಿನಿಂದ ನ್ಯಾನ್ ಕೂಗಿದಳು.

“ಕಿವುಡಾಗಿದೀಯಾ? ಹಸು ಕೂಗೋದು ಕೇಳ್ಸಲ್ವಾ?”

“ಕೇಳ್ಸುತ್ತೆ! ನಿನ್ನ ಗಂಡ ಬರ್ಬೇಡ ಅಂದಿದಾನೆ!”

“ಅವನು ಮಂಡಿ ಹಿಡ್ಕೊಂಡು ಮಲಗಿದಾನೆ. ನಾನು ಬಾ ಅಂತಿದೀನಿ.”

ಕೆಳಗಿಳಿದು ಹೋದೆ. ದಾರಿಯಲ್ಲಿ ಅವಳು ನನ್ನ ಮುಖ ನೋಡಲಿಲ್ಲ.

“ನ್ಯಾನ್, ಅಂದ್ರೆ…”

“ಅಂದ್ರೆ ಏನೂ ಇಲ್ಲ. ಕ್ಷಮಿಸಿದೀನಿ ಅಂದ್ಕೋಬೇಡ. ಸಾಯೋವರೆಗೂ ಕ್ಷಮಿಸಲ್ಲ. ಕೆಚ್ಚಲು ಕಲ್ಲಾಗಿದೆ. ಅದಕ್ಕೇನು ಗೊತ್ತು ನಿನ್ನ ಕೈ ಎಂಥದ್ದು ಅಂತ.”

ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಕೂತೆ. ಮುಟ್ಟಿದರೆ ನೋವಿಗೆ ನಡುಗಿತು, ಆದರೆ ಒದೆಯಲಿಲ್ಲ. ಒಂದು ಹನಿಯೂ ಬರಲಿಲ್ಲ. ಹಾಡಲು ಬಾಯಿ ತೆರೆದರೆ ಅಳು ಬಂತು. ಗಂಡ ಸತ್ತಾಗಲೂ ನಾನು ಹಾಗೆ ಅತ್ತಿರಲಿಲ್ಲ, ಎಲ್ಲಿತ್ತೋ ಏನೋ. ಹಸುವಿಗೆ ಅದೂ ಹಾಡಾಗಿಯೇ ಕೇಳಿಸಿರಬೇಕು. ಹಾಲು ಬಿಟ್ಟಿತು.

ನ್ಯಾನ್ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬರಲಿಲ್ಲ, ಬಕೆಟ್ಟು ತುಂಬುವವರೆಗೆ ಹೋಗಲೂ ಇಲ್ಲ.